ಇಂಟಿಗ್ರೇಟಿವ್ ಕೌನ್ಸೆಲರ್ ಅಂದ್ರೆ ಎಲ್ಲಾ ಸ್ವಲ್ಪ ಸ್ವಲ್ಪ ಬಲ್ಲವರಾ?

ನಿದ್ದೆಗೆಟ್ಟವ ಕೇಳಿದ್ದು:

ಎಂಟು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಶುರುವಾಗಿದ್ದು ಅಂತ ಮನೆಯವರು ಹೇಳ್ತಾರೆ. ನನಗೆ ಹಾಗನ್ನಿಸಲ್ಲ, ಅದಕ್ಕೂ ಮುಂಚಿನಿಂದಲೇ ಆಫೀಸಲ್ಲಿ ಕಿರಿಕಿರಿ ನಡೀತಿತ್ತು. ಡಾಕ್ಟರ್ ಹತ್ರ ಹೋಗಿ ಬಂದೆ. ರಕ್ತ ಪರೀಕ್ಷೆ, ಥೈರಾಯ್ಡ್ ಎಲ್ಲ ಸರಿಯಾಗಿದೆ. ಖಿನ್ನತೆ ಎಷ್ಟಿದೆ ಅಂತ ನೋಡೋ ಒಂಬತ್ತು ಪ್ರಶ್ನೆಯ ಒಂದು ಶೀಟ್ ಕೊಟ್ಟು ಟಿಕ್ ಮಾಡಿಸಿದ್ರು, 27ಕ್ಕೆ 11 ಬಂತು. ಯಾರಾದರೂ ಕೌನ್ಸೆಲರ್‌ನ ನೋಡಿ ಅಂದ್ರು.

ಹುಡುಕಿದಾಗ ಒಬ್ಬರ ಪ್ರೊಫೈಲ್ ಸಿಕ್ತು. "ಇಂಟಿಗ್ರೇಟಿವ್ ಕೌನ್ಸೆಲರ್" ಅಂತಿದೆ. ಅದರ ಕೆಳಗೆ ಪರ್ಸನ್ ಸೆಂಟರ್ಡ್, ಸಿಬಿಟಿ, ಸೈಕೋಡೈನಮಿಕ್, ಗೆಸ್ಟಾಲ್ಟ್, ಟಿಎ, ಅಟ್ಯಾಚ್‌ಮೆಂಟ್ ಅಂತ ಸಾಲು ಸಾಲು ಚಿಕಿತ್ಸಾ ವಿಧಾನಗಳ ಹೆಸರು. ನಾನು ಸಾಫ್ಟ್‌ವೇರ್ ಕೆಲಸದವನು. ರೆಸ್ಯೂಮಲ್ಲಿ ಹದಿನಾಲ್ಕು ಪ್ರೋಗ್ರಾಮಿಂಗ್ ಭಾಷೆ ಬರ್ಕೊಂಡು ಬಂದವರನ್ನ ಕಂಡ್ರೆ ಇವರಿಗೆ ಒಂದೂ ನೆಟ್ಟಗೆ ಬರಲ್ಲ ಅಂತ ಮೊದಲೇ ಅನುಮಾನ ಪಡೋ ಜಾತಿ ನಮ್ಮದು. ಇಲ್ಲೂ ಹಾಗೇನಾ? ಇವರು ಕಲಿಯೋದು ಹೇಗೆ, ಏನನ್ನ? ನನ್ನೆದುರು ಕೂತಾಗ ಇಷ್ಟರಲ್ಲಿ ಯಾವುದನ್ನ ತೆಗೀತಾರೆ? ಒಳಗಿನವರು ಯಾರಾದರೂ ಇದ್ರೆ ಹೇಳಿ.

ಪುರಾವೆ ಎಲ್ಲಿ ಉತ್ತರ:

ನಿಮ್ಮ ಅನುಮಾನ ಸರಿ ಇದೆ. ಸಮಸ್ಯೆ ನಿದ್ದೆ ತಾನೆ? ಯೋಚನೆ, ಅಭ್ಯಾಸ ತಿದ್ದೋ ಮಾತಿನ ಚಿಕಿತ್ಸೆ ಸಿಬಿಟಿ, ಅದರಲ್ಲಿ ನಿದ್ದೆಗೇ ಅಂತ ಮಾಡಿದ ಸಿಬಿಟಿ-ಐ ಇದೆ. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಅದನ್ನೇ ಕೊಡಿ ಅಂತ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲೇ ಹೇಳಿದೆ. ನಿದ್ದೆ ಬರದೆ ಒದ್ದಾಡ್ತಿದ್ರೆ ಹಾಸಿಗೆಯಿಂದ ಏಳಿ, ಬೆಳಿಗ್ಗೆ ಏಳೋ ಹೊತ್ತು ಒಂದೇ ಇರಲಿ, ಹಾಸಿಗೆಯಲ್ಲಿ ಕಳೆಯೋ ಹೊತ್ತು ಕಡಿಮೆ ಮಾಡಿ. ನೇರ ದಾರಿ. ಅದು ಬಿಟ್ಟು ಇಂಟಿಗ್ರೇಟಿವ್ ಗಿಂಟಿಗ್ರೇಟಿವ್ ಅನ್ನೋದೆಲ್ಲ ಕಲಸುಮೇಲೋಗರ. ಆರು ವಿಧಾನ ಗೊತ್ತು ಅನ್ನೋರಿಗೆ ಯಾವುದಕ್ಕೂ ಜವಾಬ್ದಾರಿ ಇರಲ್ಲ.

ಮೂರನೇ ಕುರ್ಚಿ ಉತ್ತರ:

ನಾನು ಇದೇ ಕೆಲಸ ಮಾಡೋಳು. ಹನ್ನೊಂದು ವರ್ಷ ಆಯ್ತು. ಅದಕ್ಕೆ ಮುಂಚೆ ಹದಿನಾಲ್ಕು ವರ್ಷ ಹೈಸ್ಕೂಲಲ್ಲಿ ಗಣಿತ ಹೇಳಿಕೊಡ್ತಿದ್ದೆ. ಟೀಚರಾಗಿದ್ದ ವಿಷಯ ಮುಂದೆ ಬೇಕಾಗುತ್ತೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಸಿಬಿಟಿ-ಐ ಬಗ್ಗೆ ಮೇಲಿನವರು ಹೇಳಿದ್ದು ನಿಜ, ಅದರಲ್ಲಿ ನನ್ನ ತಕರಾರಿಲ್ಲ. ನಿದ್ದೆ ಅಂತ ಬಂದವರಿಗೆ ನಾನೂ ಎರಡು ವಾರದ ನಿದ್ರೆ ಡೈರಿ ಬರೆಸ್ತೀನಿ. ಹಾಸಿಗೆಯ ಹೊತ್ತು ಕಡಿತ ಮಾಡೋ ಭಾಗಕ್ಕೆ ನನಗೆ ತರಬೇತಿ ಇಲ್ಲ, ಅದು ಬೇಕು ಅನ್ನಿಸಿದ್ರೆ ಗೊತ್ತಿರೋರ ಹತ್ರ ಕಳಿಸ್ತೀನಿ. ಆದರೆ "ಸಮಸ್ಯೆ ನಿದ್ದೆ ತಾನೆ" ಅನ್ನೋ ಮಾತಿಗೆ ಮಾತ್ರ ನಾನು ಇಷ್ಟು ಬೇಗ ತಲೆ ಆಡಿಸಲ್ಲ.

ನಿಮ್ಮ ರೆಸ್ಯೂಮ್ ಅನುಮಾನಕ್ಕೆ ಬರ್ತೀನಿ. ಅದು ಎಷ್ಟೋ ಸಲ ನಿಜವಾಗುತ್ತೆ. ಕೌನ್ಸೆಲರ್ ಅಂತ ಬೋರ್ಡ್ ಹಾಕ್ಕೊಳ್ಳೋಕೆ ಎಷ್ಟೋ ದೇಶಗಳಲ್ಲಿ ಕಾನೂನಿನ ಅಡ್ಡಿಯೇ ಇಲ್ಲ. ಶನಿವಾರ ಭಾನುವಾರದ ಎರಡು ಕಾರ್ಯಾಗಾರಕ್ಕೆ ಹೋಗಿ ಬಂದು ಪಟ್ಟಿಗೆ ಇನ್ನೊಂದು ಹೆಸರು ಸೇರಿಸೋರನ್ನ ನಾನೂ ನೋಡಿದೀನಿ. ಹಾಗಾಗಿ ಪಟ್ಟಿ ನೋಡಿ ಏನೂ ಗೊತ್ತಾಗಲ್ಲ.

ಒಂದು ಮಾತು ಮಾತ್ರ ಸೇರಿಸ್ತೀನಿ. ಆ ಪಟ್ಟಿಯಲ್ಲಿರೋ ಹೆಸರುಗಳು ಒಂದಕ್ಕೊಂದು ಅಪರಿಚಿತವಲ್ಲ, ದಾಯಾದಿಗಳು. ಸಿಬಿಟಿಗೆ ಬುನಾದಿ ಹಾಕಿದ ಆರನ್ ಬೆಕ್ ಮೊದಲು ಫ್ರಾಯ್ಡ್ ಶುರು ಮಾಡಿದ ಮನೋವಿಶ್ಲೇಷಣೆ ಕಲಿತವರು. ಖಿನ್ನತೆ ಅಂದ್ರೆ ಒಳಕ್ಕೆ ತಿರುಗಿದ ಸಿಟ್ಟು ಅನ್ನೋ ಫ್ರಾಯ್ಡ್ ಕಡೆಯವರ ಮಾತನ್ನ ಸಾಬೀತು ಮಾಡೋಕೆ ಅಂತಲೇ ರೋಗಿಗಳ ಕನಸುಗಳನ್ನ ಕಲೆಹಾಕಿದ್ರು. ಅದರಲ್ಲಿ ಸಿಟ್ಟಿನ ಬದಲು ಸೋಲು, ನಷ್ಟ ಸಿಕ್ಕಿದಾಗ ಬೇರೆ ದಾರಿ ಹಿಡಿದ್ರು. ಗೆಸ್ಟಾಲ್ಟಿನ ಫ್ರಿಟ್ಸ್ ಪರ್ಲ್ಸ್, ಟಿಎ (ಟ್ರಾನ್ಸಾಕ್ಷನಲ್ ಅನಾಲಿಸಿಸ್) ಶುರು ಮಾಡಿದ ಎರಿಕ್ ಬರ್ನ್, ಅಟ್ಯಾಚ್‌ಮೆಂಟಿನ, ಅಂದ್ರೆ ಮಗುವಿಗೂ ಸಾಕಿದವರಿಗೂ ಇರೋ ನಂಟಿನ ಬಗ್ಗೆ ಹೇಳಿದ ಜಾನ್ ಬೌಲ್ಬಿ, ಎಲ್ಲ ಅದೇ ಹಟ್ಟಿಯಿಂದ ಹೊರಟವರು. ಜಗಳ ಆಡಿಕೊಂಡು ಬೇರೆ ಬೇರೆ ಮನೆ ಮಾಡಿಕೊಂಡ್ರು ಅಷ್ಟೆ. ಆ ಮನೆಗಳ ಮಧ್ಯೆ ಓಡಾಡೋದು ಅಪರಾಧ ಅಲ್ಲ. ಎಲ್ಲಿ ಚಪ್ಪಲಿ ಬಿಡಬೇಕು ಅಂತ ಗೊತ್ತಿರಬೇಕು.

ಇನ್ನು ತರಬೇತಿ. ನನ್ನದು ಕೆಲಸ ಮಾಡ್ತಾ ಓದಿದ ನಾಲ್ಕು ವರ್ಷದ ಕೋರ್ಸ್. ಮೊದಲನೇ ವರ್ಷ ಬಹುಪಾಲು ಕೇಳಿಸಿಕೊಳ್ಳೋದನ್ನ ಕಲಿಯೋದೇ ಆಯ್ತು. ಮೂರು ಕುರ್ಚಿ ಹಾಕ್ತಾರೆ. ಒಬ್ಬರು ಕೌನ್ಸೆಲರ್, ಒಬ್ಬರು ಕ್ಲೈಂಟ್, ಮೂರನೆಯವರು ನೋಡೋರು. ಮೂರನೇ ಕುರ್ಚಿಯವರ ಕೈಯಲ್ಲಿ ಗಡಿಯಾರ ಮತ್ತೆ ಪೆನ್ನು, ಬಾಯಿಗೆ ಬೀಗ. ನನಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಇಲ್ಲಿನ ನನ್ನ ಹೆಸರು ಅಲ್ಲಿಂದ ಬಂದದ್ದು.

ಮೊದಲ ರೆಕಾರ್ಡಿಂಗ್ ಇಪ್ಪತ್ತು ನಿಮಿಷದ್ದು. ಅದನ್ನ ಅಕ್ಷರ ಬಿಡದೆ ಬರೆದುಕೊಂಡು ಹೋಗಬೇಕಿತ್ತು, ಮೌನ ಎಷ್ಟು ಸೆಕೆಂಡು ಅನ್ನೋದನ್ನೂ ಸೇರಿಸಿ. ಬರೆಯೋಕೆ ಒಂದು ಇಡೀ ಭಾನುವಾರ ಹಿಡೀತು. "ನೀವು ಹೀಗೆ ಮಾಡಬಹುದಲ್ವಾ" ಅಂತ ಒಂಬತ್ತು ಸಲ ಅಂದಿದ್ದೆ! ನನ್ನ ಸಹಪಾಠಿ ತನ್ನ ಅಕ್ಕನ ವಿಷಯ ಹೇಳ್ತಾ ಒಂದು ಕಡೆ ನಿಲ್ಲಿಸಿದ್ದಳು. ನಾಲ್ಕು ಸೆಕೆಂಡು ಮೌನ. ಐದನೇ ಸೆಕೆಂಡಿಗೆ ನಾನು ಬಾಯಿ ಹಾಕಿ, "ಅಕ್ಕ ಎಷ್ಟು ದೊಡ್ಡವರು?" ಅಂತ ಕೇಳಿದ್ದೆ. ಟ್ಯೂಟರ್ ಆ ಸಾಲಿನ ಪಕ್ಕ ಎರಡೇ ಪದ ಬರೆದಿದ್ರು: "ಯಾರಿಗೆ ಅವಸರ?" ಹದಿನಾಲ್ಕು ವರ್ಷ ಮಕ್ಕಳ ನೋಟ್‌ಬುಕ್ ತಿದ್ದಿದವಳಿಗೆ ಆ ಎರಡು ಪದ ಹೇಗೆ ಚುಚ್ಚಿರಬೇಕು ನೀವೇ ಯೋಚಿಸಿ.

ಪರ್ಸನ್ ಸೆಂಟರ್ಡ್ ವಿಧಾನ ಶುರು ಮಾಡಿದ ಕಾರ್ಲ್ ರಾಜರ್ಸ್ 1957ರಲ್ಲಿ ಬರೆದ ಒಂದು ಲೇಖನ ಇದೆ, ಮನುಷ್ಯ ಬದಲಾಗೋಕೆ ಬೇಕಾದ ಆರು ಷರತ್ತುಗಳ ಬಗ್ಗೆ. ಅದರಲ್ಲಿ ಮೂರನ್ನ ಎಲ್ಲರೂ ಬಾಯಿಪಾಠ ಮಾಡ್ತೀವಿ: ಎದುರಿನವರ ಒಳಗಿಂದ ನೋಡೋದು, ನಾಟಕ ಮಾಡದೆ ಇರೋದು, ಷರತ್ತಿಲ್ಲದೆ ಒಪ್ಪಿಕೊಳ್ಳೋದು. ಓದೋಕೆ ಹತ್ತು ನಿಮಿಷ ಸಾಕು. ನನಗೆ ಮಾಡೋಕೆ ಇವತ್ತಿಗೂ ಪೂರ್ತಿ ಬರಲ್ಲ. ಎರಡನೇ ವರ್ಷ ಫ್ರಾಯ್ಡ್, ಬೌಲ್ಬಿ. ಮೂರನೇ ವರ್ಷ ಸಿಬಿಟಿ. ಮಧ್ಯದಲ್ಲಿ ಒಂದು ಹಳೇ ಫಿಲಂ ತೋರಿಸ್ತಾರೆ, 1965ರದ್ದು. ರಾಜರ್ಸ್, ಪರ್ಲ್ಸ್, ಆಲ್ಬರ್ಟ್ ಎಲಿಸ್ ಮೂವರೂ ಒಬ್ಬಳೇ ಮಹಿಳೆಯ ಜೊತೆ ಒಬ್ಬರಾದ ಮೇಲೊಬ್ಬರು ಕೂರ್ತಾರೆ. ರಾಜರ್ಸ್ ಮೆತ್ತಗೆ ಕೇಳಿಸಿಕೊಳ್ತಾರೆ, ಪರ್ಲ್ಸ್ ಕೆಣಕ್ತಾರೆ, ಎಲಿಸ್ ವಾದ ಮಾಡ್ತಾರೆ. ನಮ್ಮ ಕ್ಲಾಸಲ್ಲಿ ಯಾರು ಸರಿ ಅಂತ ಎರಡು ಗಂಟೆ ಜಗಳ ಆಯ್ತು. ನಾನು ಎಲಿಸ್ ಪಕ್ಷ. ಬೋರ್ಡಿನ ಮುಂದೆ ನಿಂತು ಕಲಿಸೋರ ಗತ್ತು ಕಂಡಿತ್ತು ಅವರಲ್ಲಿ.

ಇದರ ಜೊತೆಗೆ ನಮ್ಮ ಕೋರ್ಸಲ್ಲಿ ಸೂಪರ್‌ವೈಸರ್, ಅಂದ್ರೆ ನಮ್ಮ ಕೆಲಸ ನೋಡಿ ಪ್ರಶ್ನೆ ಕೇಳೋ ಹಿರಿಯ ಕೌನ್ಸೆಲರ್, ಅವರ ಕಣ್ಗಾವಲಲ್ಲಿ 100 ಗಂಟೆ ನಿಜವಾದ ಕ್ಲೈಂಟ್‌ಗಳ ಜೊತೆ ಕೂತಿರಬೇಕು. ನಾವೂ ಇನ್ನೊಬ್ಬರ ಹತ್ರ ಕ್ಲೈಂಟಾಗಿ ಹೋಗಬೇಕು. ಅದು ದುಡ್ಡು ದಂಡ ಅಂತ ಶುರುವಲ್ಲಿ ಗೊಣಗಿದ್ದೆ. ಆರನೇ ವಾರ ಬಾಗಿಲು ತೆಗೆಯೋಕೆ ಮುಂಚೆ ಹೊರಗಡೆ ನಿಂತು, ಇವತ್ತು ಏನು ಹೇಳಿದ್ರೆ ಇವರಿಗೆ ನಾನು ಜಾಣೆ ಅನ್ನಿಸ್ತೀನಿ ಅಂತ ಯೋಚಿಸ್ತಿದ್ದೆ. ಅವತ್ತು ಗೊಣಗೋದು ನಿಂತಿತು.

ಈಗ ನಿಮ್ಮ ಮುಖ್ಯ ಪ್ರಶ್ನೆ, ಯಾವುದನ್ನ ಯಾವಾಗ ತೆಗೀತಾರೆ ಅಂತ. ಒಂದು ಪ್ರಸಂಗ ಹೇಳ್ತೀನಿ. ಗುರುತು ಸಿಗದ ಹಾಗೆ ವಿವರ ಬದಲಾಯಿಸಿದೀನಿ.

ಕೆಲಸ ಶುರು ಮಾಡಿದ ಎರಡನೇ ವರ್ಷ. ಮೀಟಿಂಗಲ್ಲಿ ಮಾತಾಡೋಕೆ ಎದ್ದರೆ ಎದೆ ಹೊಡ್ಕೊಳ್ಳುತ್ತೆ, ಕೈ ಬೆವರುತ್ತೆ ಅಂತ ಒಬ್ಬರು ಬಂದ್ರು. ಪಾಠದ ಹಾಗಿತ್ತು ಕೇಸು. ಸಿಬಿಟಿಯ ಆಲೋಚನೆ ದಾಖಲೆ ಶೀಟ್ ತೆಗೆದು ಕೊಟ್ಟೆ. ಏಳು ಕಾಲಂ: ಏನು ನಡೀತು, ಏನನ್ನಿಸಿತು, ತಲೆಗೆ ತಕ್ಷಣ ಬಂದ ಯೋಚನೆ ಏನು, ಅದಕ್ಕೆ ಆಧಾರ ಏನು, ವಿರುದ್ಧ ಏನು, ತೂಗಿ ನೋಡಿದ್ರೆ ಏನು, ಈಗ ಹೇಗನ್ನಿಸುತ್ತೆ. ಮುಂದಿನ ವಾರ ತುಂಬಿಕೊಂಡು ಬಂದ್ರು. ಸ್ಕೇಲ್ ಇಟ್ಟು ಗೆರೆ ಎಳೆದಿದ್ರು. ಆಧಾರಕ್ಕೆ ನೀಲಿ ಶಾಯಿ, ವಿರುದ್ಧಕ್ಕೆ ಹಸಿರು. "ತುಂಬ ಚೆನ್ನಾಗಿ ಮಾಡಿದೀರ" ಅಂದೆ. ಅದರ ಮುಂದಿನ ವಾರ ಎರಡು ಶೀಟ್, ಆಮೇಲೆ ನಾಲ್ಕು. ಆತಂಕದ ಏಳು ಪ್ರಶ್ನೆಯ ಪಟ್ಟಿಯಲ್ಲಿ ಮಾತ್ರ ಮೊದಲ ದಿನ 21ಕ್ಕೆ 15 ಇದ್ದದ್ದು ಐದನೇ ವಾರವೂ 15ರಲ್ಲೇ ಕೂತಿತ್ತು.

ಶೀಟ್‌ಗಳನ್ನ ಹರಡಿ ಸೂಪರ್‌ವೈಸರ್‌ಗೆ ತೋರಿಸಿದೆ. ಇಷ್ಟು ಕಷ್ಟಪಟ್ಟು ಮಾಡ್ತಿದಾರೆ, ಯಾಕೆ ಇಳೀತಿಲ್ಲ ಅಂತ. ಅವರು ಶೀಟ್ ಕಡೆ ನೋಡಲೂ ಇಲ್ಲ.

"ಇದು ಕೈಗೆ ಬಂದಾಗ ನಿಮಗೆ ಏನನ್ನಿಸಿತು?"

"ಖುಷಿ ಆಯ್ತು."

"ಯಾವ ಥರದ ಖುಷಿ?"

ನಾನು ಬಾಯಿ ತೆಗೆದವಳು ಮುಚ್ಚಿದೆ. ಹತ್ತಕ್ಕೆ ಹತ್ತು ಹಾಕಿ ಕೆಳಗೆ ಸಹಿ ಮಾಡೋ ಖುಷಿ ಅದು.

ಮುಂದಿನ ಸೆಷನ್ನಲ್ಲಿ ಅವರು ಫೈಲ್ ತೆಗೆಯೋಕೆ ಹೋದಾಗ, ಇವತ್ತು ಅದು ಚೀಲದಲ್ಲೇ ಇರಲಿ ಅಂದೆ. "ಇದನ್ನ ತುಂಬೋವಾಗ ನನ್ನ ನೆನಪು ಬರ್ತಿತ್ತಾ?" ಅಂತ ಕೇಳಿದೆ. ಮೌನ. ಈ ಸಲ ಬಾಯಿ ಹಾಕಲಿಲ್ಲ. ಅವರು ಚೀಲದ ಜಿಪ್ಪನ್ನ ಹಿಂದೆ ಮುಂದೆ ಎಳೀತಾ ಇದ್ರು. ಕೊನೆಗೆ, "ಕಾಗುಣಿತ ತಪ್ಪಿತ್ತು, ನೀವೇನಂದ್ಕೋತೀರೋ ಅಂತ ಒಂದು ಶೀಟ್ ಹರಿದು ಹಾಕಿ ಮತ್ತೆ ಬರೆದೆ" ಅಂದ್ರು. ಮೀಟಿಂಗ್ ರೂಮಲ್ಲಿ ಆಗ್ತಿದ್ದದ್ದು ನನ್ನ ರೂಮಲ್ಲೂ ಆಗ್ತಿತ್ತು. ನಾನು ಅದಕ್ಕೆ ಶಭಾಶ್ ಬೇರೆ ಹೇಳ್ತಿದ್ದೆ.

ಆಮೇಲೆ ಸುಮಾರು ಎರಡು ತಿಂಗಳು ಶೀಟ್ ಮುಟ್ಟಲಿಲ್ಲ. ಯಾರ ಮುಖ ನೋಡಿ ಹೀಗೆ ಬದುಕೋದು ಕಲಿತ್ರು, ಆ ಮುಖ ಸಿಡುಕಿದ್ರೆ ಏನಾಗ್ತಿತ್ತು, ಅದೇ ಮಾತು. ಇಲ್ಲಿ ನನಗೆ ದಾರಿ ತೋರಿಸಿದ್ದು ಬೌಲ್ಬಿ. ಒಂದು ದಿನ ಅವರೇ "ಆ ಏಳು ಕಾಲಂದು ಇನ್ನೂ ಇದೆಯಾ" ಅಂತ ಕೇಳಿದ್ರು. ಮುಂದಿನ ವಾರ ತಂದದ್ದು ಪೆನ್ಸಿಲ್ಲಲ್ಲಿ ಗೀಚಿದ್ದು, ಮಧ್ಯದಲ್ಲಿ ಒಂದು ಕಾಲಂ ಖಾಲಿ. "ಇದಕ್ಕೆ ಏನೂ ಹೊಳೀಲಿಲ್ಲ, ಬಿಟ್ಟೆ" ಅಂದ್ರು. ಅವತ್ತು ನನಗಾದ ಖುಷಿ ಬೇರೆ ಥರದ್ದು. ಅಂಕಿ ಇಳಿಯೋಕೆ ಶುರುವಾಗಿದ್ದು ಅದರ ನಂತರ.

ಶೀಟ್ ಅದೇ, ಕಾಲಂ ಅದೇ. ಮೊದಲ ಸಲ ಅದು ಕಾಯಿಲೆಗೆ ಮೇವು, ಎರಡನೇ ಸಲ ಮದ್ದು. ಈ ವ್ಯತ್ಯಾಸ ನೋಡೋಕೆ ನನಗೆ ಒಂದಕ್ಕಿಂತ ಹೆಚ್ಚು ಕನ್ನಡಕ ಬೇಕಾಯ್ತು. ನಾನು ಇಂಟಿಗ್ರೇಟಿವ್ ಅನ್ನೋದು ಈ ಅರ್ಥದಲ್ಲಿ. ಹಾಗಂತ ನಾನು ಎಲ್ಲ ಮನೆಗೂ ಸೊಸೆಯಲ್ಲ. ನನ್ನ ತವರು ಪರ್ಸನ್ ಸೆಂಟರ್ಡ್, ಅಲ್ಲಿ ನಿಂತು ಬೇರೆ ಕಡೆಯಿಂದ ತರ್ತೀನಿ. ತಂದದ್ದು ತವರಿನ ಗಾಳಿಗೆ ಒಗ್ಗಬೇಕು. ಸ್ಟಾನ್ಲಿ ಮೆಸ್ಸರ್ ಅನ್ನೋರು ಇದಕ್ಕೆ ಅಸಿಮಿಲೇಟಿವ್ ಇಂಟಿಗ್ರೇಷನ್ ಅಂತ ಹೆಸರಿಟ್ಟಿದಾರೆ. ಸಿದ್ಧಾಂತ ಏನಾದರೂ ಇರಲಿ, ಉಪಯೋಗಕ್ಕೆ ಬರೋ ತಂತ್ರ ಎಲ್ಲಿಂದಾದರೂ ತಗೋಳ್ಳಿ ಅನ್ನೋದು ಇನ್ನೊಂದು ಪಂಥ, ಆರ್ನಾಲ್ಡ್ ಲಾಜರಸ್ ಅವರದ್ದು. ಎರಡಕ್ಕೂ ವ್ಯತ್ಯಾಸ ಇದೆ. ನಿಮ್ಮ ಕೌನ್ಸೆಲರ್ ಯಾವ ಕಡೆಯವರು ಅಂತ ಕೇಳೋದರಲ್ಲಿ ತಪ್ಪಿಲ್ಲ.

ನೀವು ಕೇಳಬೇಕಾದ್ದು ಇಷ್ಟೇ ಅನ್ನಿಸುತ್ತೆ ನನಗೆ: "ಯಾವಾಗ ಯಾವುದು ಅಂತ ಹೇಗೆ ತೀರ್ಮಾನ ಮಾಡ್ತೀರಿ?" ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ "ಅದು ಪ್ರತಿಯೊಬ್ಬರಿಗೂ ಬೇರೆ ಬೇರೆ" ಅಂತ ನಿಲ್ಲಿಸಿದ್ರೆ ಇನ್ನೊಂದು ಸಲ ಕೇಳಿ. ಸೂಪರ್‌ವಿಷನ್‌ಗೆ ಹೋಗ್ತೀರಾ, ಎಷ್ಟು ದಿನಕ್ಕೊಮ್ಮೆ ಅಂತ ಕೇಳಿ. ಎಷ್ಟೇ ವರ್ಷ ಅನುಭವ ಇದ್ರೂ ಹೋಗಬೇಕು, ನಾನು ಈಗಲೂ ಹೋಗ್ತೀನಿ. ನೀವು ಹೇಳಿದ್ದು ಗುಟ್ಟಾಗಿರುತ್ತೆ, ಜೀವಕ್ಕೆ ಅಪಾಯದಂಥ ಕೆಲವು ಸಂದರ್ಭ ಮಾತ್ರ ಬೇರೆ, ಇದನ್ನ ಅವರೇ ಮೊದಲ ದಿನ ಹೇಳಬೇಕು. ನೀವಾಗಿ ಕೇಳೋವರೆಗೆ ಕಾಯೋರಾದ್ರೆ ಸ್ವಲ್ಪ ಹುಷಾರು.

ಇನ್ನೊಂದು. ಅಪ್ಪನ ವಿಷಯ ನೀವು ಒಂದು ಸಾಲಲ್ಲಿ ಮುಗಿಸಿದ್ರಿ. ಅದರ ಬಗ್ಗೆ ಇಲ್ಲಿ ನಾನು ಒಂದಕ್ಷರವೂ ಹೇಳಲ್ಲ, ಹೇಳೋ ಜಾಗ ಇದಲ್ಲ.

ಪುರಾವೆ ಎಲ್ಲಿ ಉತ್ತರ:

ಚೆನ್ನಾಗಿ ಬರೆದಿದೀರಿ, ಆದ್ರೆ ಒಂದು ಕಥೆಯಿಂದ ಏನೂ ಸಾಬೀತಾಗಲ್ಲ. ಎರಡು ತಿಂಗಳು ಸುಮ್ಮನೆ ಬಿಟ್ಟಿದ್ರೂ ಅವರ ಅಂಕಿ ಇಳೀತಿತ್ತೇನೋ.

ಮೂರನೇ ಕುರ್ಚಿ ಉತ್ತರ:

ಇಳೀತಿತ್ತೇನೋ. ಒಪ್ಪಿದೆ, ಅದು ಪುರಾವೆ ಅಲ್ಲ. ನಾನು ಹೇಗೆ ಯೋಚನೆ ಮಾಡ್ತೀನಿ ಅನ್ನೋದಕ್ಕೆ ಉದಾಹರಣೆ ಅಷ್ಟೆ. ಪುರಾವೆ ಕಡೆಗೆ ಬಂದ್ರೆ, ಸಾಲ್ ರೋಸೆನ್‌ಜ್ವೈಗ್ 1936ರಲ್ಲೇ ಹೇಳಿದ್ರು, ಬೇರೆ ಬೇರೆ ಚಿಕಿತ್ಸೆಗಳ ಫಲ ಹೆಚ್ಚುಕಮ್ಮಿ ಒಂದೇ ಥರ ಇರೋದಕ್ಕೆ ಅವುಗಳಲ್ಲಿ ಸಾಮಾನ್ಯವಾಗಿರೋ ಅಂಶಗಳೇ ಕಾರಣ ಇರಬೇಕು ಅಂತ. ಆ ಜಗಳ ಇನ್ನೂ ಮುಗಿದಿಲ್ಲ. ನಿದ್ದೆ, ಫೋಬಿಯಾ, ಒಸಿಡಿ (ಬೇಡದ ಯೋಚನೆ ಕಾಡಿ, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸೋ ಕಾಯಿಲೆ) ಥರದ ಕಡೆ ನಿರ್ದಿಷ್ಟ ವಿಧಾನಕ್ಕೆ ತೂಕ ಇದೆ, ಅದಕ್ಕೇ ನಿಮ್ಮ ಮೊದಲ ಮಾತಿಗೆ ಅಡ್ಡ ಹೇಳಲಿಲ್ಲ. ನಾನು ದಿನಾ ಉಪಯೋಗಿಸೋದು ಎಡ್ವರ್ಡ್ ಬಾರ್ಡಿನ್ 1979ರಲ್ಲಿ ಹೇಳಿದ ಮೂರು: ನಮ್ಮಿಬ್ಬರ ಮಧ್ಯೆ ನಂಬಿಕೆ ಇದೆಯಾ, ಎಲ್ಲಿಗೆ ಹೋಗ್ತಿದೀವಿ ಅನ್ನೋದರಲ್ಲಿ ಒಪ್ಪಿಗೆ ಇದೆಯಾ, ಹೋಗೋ ದಾರಿಗೆ ಒಪ್ಪಿಗೆ ಇದೆಯಾ. ಆ ಶೀಟ್ ಪ್ರಸಂಗದಲ್ಲಿ ಮೂರೂ ಇದೆ ಅಂದ್ಕೊಂಡಿದ್ದೆ. ಅವರು ಬೇಡ ಅನ್ನೋಕೇ ಹೆದರೋರು, ಅವರ ಒಪ್ಪಿಗೆಗೆ ಏನು ಬೆಲೆ?

ಬಾಗಿಲ ಹತ್ರ ಉತ್ತರ:

ನಾನು ಕ್ಲೈಂಟ್ ಕಡೆಯಿಂದ ಹೇಳ್ತೀನಿ. ನಾನು ಹೋದವರೂ ಇಂಟಿಗ್ರೇಟಿವ್ ಅಂತಲೇ ಇದ್ರು. ಮೊದಲ ವಾರ ಉಸಿರಾಟ. ಎರಡನೇ ವಾರ ಖಾಲಿ ಕುರ್ಚಿ ಇಟ್ಟು, ಅದರಲ್ಲಿ ಅಮ್ಮ ಕೂತಿದಾರೆ ಅಂದ್ಕೊಂಡು ಮಾತಾಡಿ ಅಂದ್ರು. ನನಗೆ ಅಳು ಬಂತು, ಅವರು ಗಡಿಯಾರ ನೋಡಿ ಟೈಮ್ ಆಯ್ತು ಅಂದ್ರು. ಮೂರನೇ ವಾರ ಆ ಕುರ್ಚಿ ವಿಷಯವೇ ಇಲ್ಲ, ಐದು ವರ್ಷದ ಗುರಿಗಳ ಪಟ್ಟಿ ಮಾಡಿಸಿದ್ರು. ನಾಲ್ಕನೇ ವಾರ ನಾನು ಹೋಗಲಿಲ್ಲ. ಅವರು ಕೆಟ್ಟವರಲ್ಲ, ಪಾಪ, ಪ್ರತಿ ವಾರ ತಯಾರಿ ಮಾಡಿಕೊಂಡೇ ಬರ್ತಿದ್ರು. ಹೋದ ವಾರ ನಾನು ಏನಂದಿದ್ದೆ ಅನ್ನೋದೊಂದು ನೆನಪಿರ್ತಿರಲಿಲ್ಲ.

ಮೂರನೇ ಕುರ್ಚಿಯವರೇ, ನಾನು ಬಿಟ್ಟು ಬರೋಕೆ ಮುಂಚೆ ಇದನ್ನ ಅವರ ಮುಖಕ್ಕೇ ಹೇಳಬೇಕಿತ್ತಾ?

ಮೂರನೇ ಕುರ್ಚಿ ಉತ್ತರ:

ಹೇಳಬೇಕಿತ್ತು ಅಂತ ನಾನು ಹೇಳಲ್ಲ, ಅದು ನಿಮ್ಮ ತಲೆ ಮೇಲಿನ ಹೊರೆ ಅಲ್ಲ. ಮೂರನೇ ವಾರ ಬಾಗಿಲು ತೆಗೆದ ಕೂಡಲೇ "ಹೋದ ವಾರ ನಿಮ್ಮನ್ನ ಅಳು ಬಂದ ಹೊತ್ತಲ್ಲಿ ಕಳಿಸಿಬಿಟ್ಟೆ, ಮನೆಗೆ ಹೇಗೆ ಹೋದ್ರಿ?" ಅಂತ ಅವರು ಕೇಳಬೇಕಿತ್ತು. ಖಾಲಿ ಕುರ್ಚಿ ಹಗುರದ ಆಟ ಅಲ್ಲ. ಎರಡನೇ ಭೇಟಿಯಲ್ಲಿ, ಅದೂ ಸೆಷನ್ ಕೊನೆಗೆ, ನಾನಂತೂ ಅದನ್ನ ತೆಗೆಯಲ್ಲ. ಇನ್ನೊಬ್ಬರ ಹತ್ರ ಹೋಗೋ ಮನಸ್ಸಾದ್ರೆ, ಇಲ್ಲಿ ಬರೆದದ್ದನ್ನೇ ಮೊದಲ ದಿನ ಓದಿ ಹೇಳಿ. ಅವರು ಹಿಂದಿನವರನ್ನ ಬಯ್ಯೋಕೆ ಶುರು ಮಾಡ್ತಾರಾ ಇಲ್ಲ ನಿಮ್ಮನ್ನ ಕೇಳಿಸಿಕೊಳ್ತಾರಾ ನೋಡಿ.

ನಿದ್ದೆಗೆಟ್ಟವ ಉತ್ತರ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಆ ಪ್ರೊಫೈಲಿನವರಿಗೆ ಫೋನ್ ಮಾಡಿದೆ, ಹದಿನೈದು ನಿಮಿಷ ಮಾತಾಡಿದ್ರು. ಯಾವಾಗ ಯಾವುದು ಅಂತ ಹೇಗೆ ತೀರ್ಮಾನ ಮಾಡ್ತೀರಿ ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ, ಲೈನ್ ಕಟ್ ಆಯ್ತೇನೋ ಅಂದ್ಕೊಂಡೆ. ಆಮೇಲೆ "ಈಗಲೇ ಹೇಳಿದ್ರೆ ಸುಳ್ಳಾಗುತ್ತೆ. ನಿಮ್ಮ ಒಂದು ರಾತ್ರಿ ಹೇಗಿರುತ್ತೆ, ದೀಪ ಆರಿಸೋದರಿಂದ ಶುರು ಮಾಡಿ ಹೇಳ್ತೀರಾ?" ಅಂದ್ರು. ಹೇಳಿದೆ. ಮೂರೂಕಾಲಿಗೆ ಎಚ್ಚರ ಆಗುತ್ತೆ, ದಿನಾ ಅದೇ ಹೊತ್ತಿಗೆ ಅಂದೆ. ಆ ಹೊತ್ತಿಗೆ ಏನಾದರೂ ನೆನಪಿದೆಯಾ ಅಂದ್ರು. ಇಲ್ಲ ಅಂದೆ.

ಫೋನ್ ಇಟ್ಟ ಮೇಲೆ ನೆನಪಾಯ್ತು, ಆಸ್ಪತ್ರೆಯಿಂದ ಕರೆ ಬಂದದ್ದು ಆ ಹೊತ್ತಿಗೇ.

ಗುರುವಾರ ಸಂಜೆ ಆರಕ್ಕೆ ಬರ್ತೀನಿ ಅಂದಿದೀನಿ. ನಿದ್ರೆ ಡೈರಿ ನಿನ್ನೆಯಿಂದ ಬರೀತಿದೀನಿ, ಬಾಲ್‌ಪೆನ್ನಲ್ಲಿ, ವಕ್ರ ವಕ್ರವಾಗಿ. ಸೂಪರ್‌ವಿಷನ್ ಬಗ್ಗೆ ಕೇಳೋದು ಮರೆತೇಬಿಟ್ಟೆ, ಅವತ್ತು ಕೇಳ್ತೀನಿ.